ಆತ ಹೇಳಿದ್ದನ್ನು ನಾನು ಬರೆದುಕೊಂಡೆ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಗೋದಾಮಿನಲ್ಲಿ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ. ವರ್ಷವಿಡೀ ನನ್ನನ್ನು ಕಂಡರೆ ಮೊಬೈಲಿನೊಳಗೆ ತಲೆ ಹುದುಗಿಸುವವರು ಆಗ ಗೇಟಿನವರೆಗೆ ಬಂದು ಗುಡ್ ಮಾರ್ನಿಂಗ್ ಹೇಳುತ್ತಾರೆ. ಒಬ್ಬರಂತೂ ನನ್ನ ಛತ್ರಿ ಹಿಡಿಯಲು ಬಂದಿದ್ದರು, ಉರಿಬಿಸಿಲಲ್ಲಿ. ಇದೆಲ್ಲ ಅಪ್ರೈಸಲಿನ ಮಹಿಮೆ. ಎರಡು ಪುಟದ ಇಂಗ್ಲಿಷ್ ಫಾರ್ಮು ಬರುತ್ತದೆ. ವರ್ಷದಲ್ಲಿ ಏನೇನು ಮಾಡಿದಿರಿ, ನಿಮಗೆ ನೀವೇ ಎಷ್ಟು ಅಂಕ ಕೊಡುತ್ತೀರಿ, ಯಾವ ಯಾವ ವಿಷಯದಲ್ಲಿ ಸುಧಾರಿಸಿಕೊಳ್ಳಬೇಕು ಎಂದು ನೌಕರರು ಮೊದಲು ತಾವೇ ತುಂಬಬೇಕು. ಆಮೇಲೆ ಅದರ ಮೇಲೆ ನನ್ನ ಮಾತು, ನನ್ನ ಸಹಿ, ಎ ಬಿ ಸಿ ಡಿ ಎಂಬ ಗ್ರೇಡು.

ನಾನು ಡೊಂಬಿವಲಿಯವಳು. ಹುಟ್ಟಿದ್ದು ಉಡುಪಿಯ ಹತ್ತಿರವಾದರೂ ಅಪ್ಪ ಠಾಣೆಯ ಹೋಟೆಲೊಂದರ ಕೌಂಟರಿನಲ್ಲಿದ್ದುದರಿಂದ ಬೆಳೆದದ್ದೆಲ್ಲ ಇಲ್ಲೇ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದೆ. ಈಗ ಮನೆಯಲ್ಲಿ ತುಳು, ಮಕ್ಕಳ ಜೊತೆ ಹಿಂದಿ, ಸೊಸೈಟಿಯ ನೆರೆಹೊರೆಯವರ ಜೊತೆ ಮರಾಠಿ. ಕನ್ನಡ ಆಡಲು ಒಂದು ಬಾಯಿ ಸಿಗುವುದು ಕಷ್ಟ. ದಿನಾ ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ವಾಶಿ ಕಡೆಯ ಗಾಡಿ ಹಿಡಿದು ನವಿ ಮುಂಬಯಿಯ ಗೋದಾಮಿಗೆ ಬರುತ್ತೇನೆ. ಔಷಧಿಯ ಗೋದಾಮು. ಕಂಪನಿಗಳಿಂದ ಮಾಲು ಬರುತ್ತದೆ, ಅಂಗಡಿಗಳಿಗೂ ಆಸ್ಪತ್ರೆಗಳಿಗೂ ಟೆಂಪೋದಲ್ಲಿ ಹೋಗುತ್ತದೆ. ಡಿಸ್ಪ್ಯಾಚ್ ವಿಭಾಗ ನನ್ನದು, ನನ್ನ ಕೈಕೆಳಗೆ ಎಂಟು ಜನ.

ಆ ಎಂಟು ಜನರಲ್ಲಿ ಒಬ್ಬಾತ ಕಲಬುರಗಿ ಕಡೆಯವನು. ಕಲ್ಯಾಣ್ ಪೂರ್ವದ ಚಾಳಿನಲ್ಲಿ ಮನೆ. ಹೆಂಡತಿ ಉಲ್ಹಾಸನಗರದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ, ಮಗಳೊಬ್ಬಳು ಕಾಲೇಜಿನಲ್ಲಿ. ಲೋಡಿಂಗ್ ಕೆಲಸಕ್ಕೆಂದು ಬಂದವನು. ಪೆಟ್ಟಿಗೆ ಹೊರುವಾಗಲೂ ಅದರ ಮೇಲಿನ ಬ್ಯಾಚ್ ನಂಬರು ನೋಡಿಯೇ ಇಡುತ್ತಿದ್ದ. ಇಂಗ್ಲಿಷ್ ವಾಕ್ಯ ಓದಲು ಬರದು, ಆದರೆ ಅಕ್ಷರ, ಅಂಕಿ ಎರಡರಲ್ಲೂ ಕಣ್ಣು ಬಲು ಚುರುಕು. ಅದನ್ನು ಕಂಡು ನಾನೇ ಹಟ ಹಿಡಿದು ಆತನನ್ನು ಒಂದು ವರ್ಷದ ಮಟ್ಟಿಗೆ ಚೆಕರ್ ಮಾಡಿದ್ದೆ. ಪೆಟ್ಟಿಗೆ ಟೆಂಪೋ ಹತ್ತುವ ಮೊದಲು ಬ್ಯಾಚ್ ನಂಬರನ್ನೂ ಎಕ್ಸ್‌ಪೈರಿಯನ್ನೂ ಪಟ್ಟಿಗೆ ತಾಳೆ ನೋಡುವುದು ಚೆಕರನ ಕೆಲಸ. ಆ ವರ್ಷದ ಅಪ್ರೈಸಲ್ ಚೆನ್ನಾಗಿ ಹೋದರೆ ಆತನಿಗೆ ಆ ಮೇಜು ಕಾಯಂ. ಇಲ್ಲವಾದರೆ ಮತ್ತೆ ಪೆಟ್ಟಿಗೆ ಹೊರಬೇಕು. ಆತನ ಎಡ ಮೊಣಕಾಲಿನ ಸವಕಳಿ ನನಗೆ ಗೊತ್ತಿತ್ತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದುದನ್ನು ನೋಡಿದ್ದೆ.

ಆತ ನನ್ನನ್ನು ಅಕ್ಕಾರ ಅನ್ನುತ್ತಿದ್ದ. ಉಳಿದವರಿಗೆಲ್ಲ ನಾನು ಮ್ಯಾಡಮ್. ಆತನ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ನನ್ನ ಕನ್ನಡಕ್ಕೆ ಆತ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಆದರೂ ಮಧ್ಯಾಹ್ನ ಐದು ನಿಮಿಷ ಆತನ ಮೇಜಿನ ಹತ್ತಿರ ನಿಂತು ಮಾತಾಡಿದರೆ ಬಾಯಿಯ ಬಿಗಿ ಸಡಿಲಾಗುತ್ತಿತ್ತು. ಬೇರೆಯವರು ಆತನನ್ನು ‘ಮ್ಯಾಡಮ್ ಕಾ ಗಾಂವ್‌ವಾಲಾ’, ಅಂದರೆ ಮ್ಯಾಡಮ್ ಊರಿನವನು ಎಂದು ಕರೆಯಲು ಶುರುಮಾಡಿದರು. ನನ್ನ ಊರಿನಿಂದ ಆತನ ಊರಿಗೆ ಬಸ್ಸಿನಲ್ಲಿ ಹೋದರೆ ಒಂದು ಇಡೀ ದಿನ ಹಿಡಿಯುತ್ತದೆ. ಇಲ್ಲಿ ಯಾರಿಗೆ ಬೇಕು ಆ ಲೆಕ್ಕ?

ಅದೇ ಫೆಬ್ರವರಿಯಲ್ಲಿ ಕಂಪನಿಯವರು ನಮ್ಮಂಥ ಮ್ಯಾನೇಜರುಗಳನ್ನು ನೆರೂಳಿನಲ್ಲಿ ಎರಡು ದಿನದ ತರಬೇತಿಗೆ ಕಳಿಸಿದರು. ವಿಷಯ ನಂಬಿಕೆ. ಕಣ್ಣಿಗೆ ಬಟ್ಟೆ ಕಟ್ಟಿ ಹಿಂದಕ್ಕೆ ಬೀಳಿಸಿದರು, ಹಿಂದಿದ್ದವರು ಹಿಡಿದುಕೊಳ್ಳಬೇಕು. ನನ್ನ ತೂಕಕ್ಕೆ ಇಬ್ಬರು ಬೇಕಾದರು. ಕೈಕೆಳಗಿನವರು ತಮ್ಮ ತಪ್ಪನ್ನು ಹೆದರದೆ ಮ್ಯಾನೇಜರ್ ಮುಂದೆ ಹೇಳಿಕೊಳ್ಳುವಂತಿರಬೇಕು, ಅಪ್ರೈಸಲಿನ ನಿಜವಾದ ಉದ್ದೇಶವೇ ಅದು ಎಂದರು ತರಬೇತಿ ಕೊಟ್ಟವರು. ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಹೊಸ ಚಾಕು ತಂದವರು ಮನೆಯಲ್ಲಿದ್ದ ತರಕಾರಿಯನ್ನೆಲ್ಲ ಹೆಚ್ಚಿ ನೋಡುತ್ತಾರಲ್ಲ, ಹಾಗೆ ಆ ಪಾಠವನ್ನು ಯಾರ ಮೇಲಾದರೂ ಪ್ರಯೋಗಿಸುವ ಆತುರ ನನಗೆ.

ಉಳಿದ ಏಳು ಜನ ಫಾರ್ಮನ್ನು ಮಕ್ಕಳ ಕೈಲೋ ಗೆಳೆಯರ ಕೈಲೋ ಬರೆಸಿ ತಂದರು. ಎಲ್ಲರದ್ದೂ ಒಂದೇ ರಾಗ. ಕಷ್ಟಪಟ್ಟು ದುಡಿಯುವವನು, ಸಮಯಕ್ಕೆ ಸರಿಯಾಗಿ ಬರುವವನು, ಸುಧಾರಿಸಿಕೊಳ್ಳಬೇಕಾದ ವಿಷಯ ಇಂಗ್ಲಿಷ್ ಮಾತ್ರ. ಕಲಬುರಗಿಯಾತ ಖಾಲಿ ಫಾರ್ಮು ಹಿಡಿದು ನನ್ನ ಕ್ಯಾಬಿನ್ನಿಗೆ ಬಂದ. ನೀವೇ ಬರೆದುಬಿಡಿ ಅಕ್ಕಾರ, ನಾನು ಹೇಳುತ್ತೇನೆ ಎಂದ. ಊಟದ ಹೊತ್ತು ಮುಗಿದಿತ್ತು. ಆತ ಕನ್ನಡದಲ್ಲಿ ಹೇಳುತ್ತ ಹೋದ, ನಾನು ಇಂಗ್ಲಿಷಿನಲ್ಲಿ ಬರೆಯುತ್ತ ಹೋದೆ. ತನಗೆ ತಾನು ಹತ್ತಕ್ಕೆ ಆರು ಅಂಕ ಕೊಟ್ಟುಕೊಂಡ. ನಾನು ಎಂಟು ಮಾಡಿದೆ.

ಸುಧಾರಿಸಿಕೊಳ್ಳಬೇಕಾದ ವಿಷಯದ ಹತ್ತಿರ ಬಂದಾಗ ಏನಿಲ್ಲವೆಂದು ತಲೆಯಾಡಿಸಿದ. ಅಲ್ಲಿಗೆ ನಾನು ಬಿಡಬೇಕಿತ್ತು. ಆದರೆ ನೆರೂಳಿನ ಪಾಠ ತಲೆಯಲ್ಲಿ ಕುಣಿಯುತ್ತಿತ್ತಲ್ಲ.

“ಸತ್ಯ ಹೇಳಿ ಮಾರಾಯ್ರೆ. ತಪ್ಪು ಎಲ್ಲರಿಂದಲೂ ಆಗ್ತದೆ. ಎಂತದ್ದೂ ಹೆದರಬೇಡಿ, ನಾನಿದ್ದೇನಲ್ಲ,” ಎಂದೆ.

ಆತ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತ. ಆಮೇಲೆ ಹೇಳಿದ. ಹೋದ ಮಳೆಗಾಲದಲ್ಲಿ ಒಂದು ದಿನ ಕಲ್ಯಾಣಿಗೆ ಹೋಗುವ ಟೆಂಪೋದಲ್ಲಿ ತಪ್ಪು ಬ್ಯಾಚಿನ ಪೆಟ್ಟಿಗೆಯೊಂದು ಹೋಗಿಬಿಟ್ಟಿತ್ತಂತೆ. ಔಷಧಿ ಅದೇ, ಬ್ಯಾಚು ಬೇರೆ. ಅರ್ಧ ಗಂಟೆಯ ನಂತರ ಪಟ್ಟಿ ನೋಡುವಾಗ ಆತನಿಗೇ ಗೊತ್ತಾಯಿತು. ಡ್ರೈವರಿಗೆ ಫೋನು ಮಾಡಿದರೆ ಅವನು ದಾರಿಯಲ್ಲಿ ಶೀಳ್ ಫಾಟಾ ಎಂಬ ಕೂಡುರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ಈತ ಸರಿಯಾದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಅಲ್ಲಿಗೆ ಹೋಗಿ, ಮಳೆಯಲ್ಲಿ ನಿಂತು ಪೆಟ್ಟಿಗೆ ಬದಲಿಸಿ ಬಂದ. ಯಾವ ಅಂಗಡಿಗೂ ತಪ್ಪು ಮಾಲು ಮುಟ್ಟಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ ಒಂದೊಂದು ನಂಬರನ್ನೂ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾನೆ. ಅದನ್ನು ನಾನು ಕೇಳಿಸಿಕೊಂಡು ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೆ.

ನನಗೆ ಕಣ್ಣು ತುಂಬಿ ಬಂತು. ಇಂಥ ಮನುಷ್ಯ ನನ್ನ ವಿಭಾಗದಲ್ಲಿದ್ದಾನೆ ಎಂದು ಹೆಮ್ಮೆಯಾಯಿತು. ಆತನ ಮೇಲಿನ ಹೆಮ್ಮೆ ಅರ್ಧ, ಆತನ ಬಾಯಿ ಬಿಡಿಸಿದ ನನ್ನ ಮೇಲಿನದು ಇನ್ನರ್ಧ. ಒಮ್ಮೆ ತಪ್ಪು ಬ್ಯಾಚು ಕಳಿಸಿದ್ದು, ಅದನ್ನು ತಾನೇ ಕಂಡುಹಿಡಿದು ಸರಿಪಡಿಸಿದ್ದು, ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದೆ. ಅದನ್ನು ಬರೆಯಲೇಬೇಕಾ ಎಂದು ಆತ ಮೆಲ್ಲಗೆ ಕೇಳಿದ. ಬರೆದರೆ ನಿಮಗೇ ಒಳ್ಳೆಯದು, ಇಂಥದ್ದನ್ನು ಓದಿದರೆ ಮೇಲಿನವರಿಗೆ ಗೌರವ ಬರುತ್ತದೆ ಎಂದೆ. ಆತ ಸಹಿ ಮಾಡಿದ. ನಾನು ಬರೆದದ್ದು ಏನೆಂದು ಕೇಳಲಿಲ್ಲ.

ಹತ್ತು ದಿನದ ನಂತರ ಗ್ರೇಡಿನ ಮೀಟಿಂಗು. ನನ್ನ ಮೇಲಿನ ಸಾಹೇಬರು ಘೋಡಬಂದರ್ ರಸ್ತೆಯ ತಮ್ಮ ಮನೆಯಿಂದ ವೀಡಿಯೊದಲ್ಲಿ, ಎಚ್‌ಆರ್‌ನ ಹುಡುಗಿ ಆಫೀಸಿನಿಂದ, ನಾನು ನನ್ನ ಕ್ಯಾಬಿನ್ನಿನಿಂದ. ಆ ವರ್ಷ ಹೊಸ ನಿಯಮ ಬಂದಿತ್ತು. ಪ್ರತಿ ವಿಭಾಗದಲ್ಲೂ ಒಬ್ಬರಿಗಾದರೂ ಡಿ ಬೀಳಲೇಬೇಕು. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದರೂ ಒಬ್ಬರು ಕೆಟ್ಟವರಾಗಬೇಕು. ನನ್ನ ಮನಸ್ಸಿನಲ್ಲಿ ಡಿಗೆ ತಕ್ಕವನೊಬ್ಬ ಇದ್ದ. ಸೋಮವಾರ ಬಂತೆಂದರೆ ನಾಪತ್ತೆ, ಬಂದ ದಿನ ಏನಾದರೊಂದು ಒಡೆಯುತ್ತಿದ್ದ. ಆದರೆ ಬಾಯಿ ದೊಡ್ಡದು. ಮ್ಯಾಡಮ್ ತಮ್ಮ ಗಾಂವ್‌ವಾಲಾನನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರೆ ಎಂದು ಎಚ್‌ಆರ್‌ಗೆ ಒಮ್ಮೆ ದೂರು ಕೊಟ್ಟಿದ್ದವನೂ ಅವನೇ.

ನಾನು ಅವನ ವಿಷಯ ಎತ್ತುವ ಮೊದಲೇ ಆ ಹುಡುಗಿ ನಯವಾಗಿ ಒಂದು ಮಾತು ಹೇಳಿದಳು. ನೀವು ಮತ್ತು ನಿಮ್ಮ ಚೆಕರ್ ಒಂದೇ ಕಡೆಯವರೆಂದು ಕೆಳಗೆ ಮಾತಿದೆ, ಸ್ವಲ್ಪ ಜಾಗ್ರತೆ ಇರಲಿ ಎಂದಳು. ಅಷ್ಟೇ. ನನ್ನ ಮೈಯೆಲ್ಲ ಬಿಸಿಯಾಯಿತು. ಇಪ್ಪತ್ತಾರು ವರ್ಷ ದುಡಿದವಳನ್ನು ಪಕ್ಷಪಾತಿ ಅಂದರೆ ಹೇಗಾಗಬೇಕು? ಸಾಹೇಬರು ಕೈಗಡಿಯಾರ ನೋಡಿಕೊಂಡು, ಡಿ ಕೊಡಬೇಕಾದರೆ ಬರಹದಲ್ಲಿ ಆಧಾರ ಬೇಕು, ಯಾರ ಫಾರ್ಮಿನಲ್ಲಾದರೂ ತಪ್ಪು ದಾಖಲಾಗಿದೆಯೇ ಎಂದು ಕೇಳಿದರು.

ಎಂಟು ಫಾರ್ಮು ನನ್ನ ಮುಂದಿದ್ದವು. ಏಳರಲ್ಲಿ ಹೊಗಳಿಕೆ, ಒಂದರಲ್ಲಿ ಸತ್ಯ. ನಾನು ಸುಮ್ಮನಿರಬಹುದಿತ್ತು. ಸೋಮವಾರದವನ ಹಾಜರಿ ಪುಸ್ತಕ ತರಿಸಿ ತೋರಿಸಬಹುದಿತ್ತು, ಅದೂ ಬರಹವೇ ತಾನೆ. ಅದು ಬಿಟ್ಟು ಕಲಬುರಗಿಯಾತನ ಫಾರ್ಮು ಎತ್ತಿಕೊಂಡು ಓದಿದೆ. ಒಮ್ಮೆ ತಪ್ಪು ಬ್ಯಾಚು ಕಳಿಸಿದ್ದಾನೆ. ವಾಕ್ಯದ ಮೊದಲರ್ಧ ಅಲ್ಲಿಗೆ ಮುಗಿಯುತ್ತದೆ. ಉಳಿದರ್ಧವನ್ನು ನಾನು ಓದಲಿಲ್ಲ.

ಮರೆತೆ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಕಣ್ಣು ಆ ಅರ್ಧದ ಮೇಲೇ ಇತ್ತು, ಅಕ್ಷರ ನನ್ನದೇ. ಔಷಧಿಯ ಗೋದಾಮಿನಲ್ಲಿ ತಪ್ಪು ಬ್ಯಾಚು ಅಂದರೆ ಸಾಹೇಬರಿಗೆ ಇನ್ನೇನು ಬೇಕು, ಡಿ ಎಂದು ಬರೆದುಕೊಂಡರು. ನಿಮ್ಮ ನಿಷ್ಪಕ್ಷಪಾತ ಮೆಚ್ಚುವಂಥದ್ದು ಎಂದಳು ಹುಡುಗಿ. ನಾಚಿಕೆಯ ವಿಷಯ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಖುಷಿಯೂ ಆಯಿತು. ಸಂಜೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಆ ಖುಷಿ ಇಳಿದುಹೋಗಿತ್ತು. ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತಿದೆ.

ಆತನಿಗೆ ಹೇಳಬೇಕಾದವಳೂ ನಾನೇ. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಕೂರಿಸಿ, ಡಿ ಬಂದಿದೆ, ಏಪ್ರಿಲಿನಿಂದ ಮತ್ತೆ ಲೋಡಿಂಗ್ ಎಂದೆ. ಆತನ ಕೈ ತಾನಾಗಿಯೇ ಮೊಣಕಾಲಿನ ಮೇಲೆ ಹೋಯಿತು. ಯಾಕೆ ಎಂದು ಕೇಳಿದ. ಆಗ ಸತ್ಯ ಹೇಳಿಬಿಡಬಹುದಿತ್ತು, ಇನ್ನೂ ಕಾಲ ಮಿಂಚಿರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು, ಎಲ್ಲ ಮೇಲಿನವರದ್ದು, ನಾನು ಎಷ್ಟು ಹೇಳಿದರೂ ಕೇಳಲಿಲ್ಲ ಎಂಬ ಮಾತು. ಅಷ್ಟು ಹೇಳುವಾಗ ಅಳು ಬಂತು. ಅಳು ನಿಜವಾದದ್ದೇ, ಅದರ ಕಾರಣ ಮಾತ್ರ ಆತ ತಿಳಿದುಕೊಂಡದ್ದಲ್ಲ.

“ನೀವರ ಏನ್ ಮಾಡ್ತೀರಿ ಅಕ್ಕಾರ,” ಎಂದ ಆತ. “ಮ್ಯಾಲಿನವ್ರ ಮುಂದ ಯಾರ್ದು ನಡೀತದ. ನೀವು ಮನಸಿಗಿ ಹಚ್ಕೋಬ್ಯಾಡ್ರಿ.”

ಎದ್ದು ಹೋಗಿ ನನಗೆ ಚಹಾ ತಂದ. ಜೊತೆಗೊಂದು ಬಿಸ್ಕತ್ತಿನ ಪೊಟ್ಟಣ. ನಾನು ಮೊದಲೂ ಹೊತ್ತವನೇ, ಇನ್ನೂ ಹೊರುತ್ತೇನೆ, ನೀವು ನನಗಾಗಿ ಮೇಲಿನವರ ಕೂಡ ಜಗಳ ಮಾಡಿಕೊಳ್ಳಬೇಡಿ ಎಂದು ಕಾಳಜಿಯಿಂದ ಹೇಳಿದ. ನಾನು ಚಹಾ ಕುಡಿದೆ. ಬಿಸ್ಕತ್ತನ್ನೂ ತಿಂದೆ. ಫಾರ್ಮಿನ ಪ್ರತಿ ಕೊಟ್ಟೆ, ಅದನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡು ಹೋದ.

ಆ ಫಾರ್ಮಿನ ಕೊನೆಯ ಪುಟದ ಕೆಳಗೆ ಒಂದು ಸಾಲಿದೆ, ಗ್ರೇಡನ್ನು ಶಿಫಾರಸು ಮಾಡಿದವರು ಯಾರು, ಕಾರಣ ಏನು ಎಂದು. ಅಲ್ಲಿ ತಪ್ಪು ಬ್ಯಾಚು ಎಂದು ಬರೆದು ಸಹಿ ಮಾಡಿದವಳು ನಾನು. ಆತನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಲ್ಲ ಎಂಬ ಧೈರ್ಯ ನನಗಿತ್ತೆಂದು ಕಾಣುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದಾಳೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಹೋಗಿದ್ದರೂ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮೂರು ದಿನ ಬಿಟ್ಟು ಆತ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ. “ಮ್ಯಾಡಮ್, ಮೇರಾ ಶಿಫ್ಟ್ ಕೌನ್ಸಾ ಹೈ?” ಎಂದು ಕೇಳಿದ. ನಾನು ಕನ್ನಡದಲ್ಲಿ ಬೆಳಗಿನದು ಎಂದೆ. ಠೀಕ್ ಹೈ ಮ್ಯಾಡಮ್ ಎಂದು ಹೋದ. ಯಾರೋ ಪಕ್ಕದಲ್ಲಿರಬೇಕು, ಅದಕ್ಕೆ ಹಿಂದಿಯಲ್ಲಿ ಮಾತಾಡಿದ ಎಂದುಕೊಂಡೆ. ಮರುದಿನವೂ ಹಿಂದಿ, ಅದರ ಮರುದಿನವೂ. ಜಗಳವಿಲ್ಲ, ಮುಖ ಗಂಟಿಲ್ಲ, ಕೆಲಸದಲ್ಲಿ ಒಂದು ಕುಂದಿಲ್ಲ. ನಾನು ಬೇಕೆಂದೇ ಕನ್ನಡದಲ್ಲಿ ಉದ್ದುದ್ದ ಪ್ರಶ್ನೆ ಕೇಳುತ್ತಿದ್ದೆ, ಮಗಳ ಪರೀಕ್ಷೆ ಹೇಗಾಯಿತು, ಊರಿನಲ್ಲಿ ಬಿಸಿಲು ಹೇಗಿದೆಯಂತೆ ಎಂದು. ಅಚ್ಛಾ ಹೈ ಮ್ಯಾಡಮ್ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ನನ್ನ ಮಕ್ಕಳು ನನ್ನ ತುಳುವಿಗೆ ಹಿಂದಿಯಲ್ಲಿ ಉತ್ತರ ಕೊಟ್ಟರೆ ಬೈಯುತ್ತೇನೆ. ಈತನಿಗೆ ಏನೆಂದು ಬೈಯಲಿ?

ಚೆಕರನ ಮೇಜಿಗೆ ಬೇರೆಯವರು ಬಂದರು. ಆತ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಪೆಟ್ಟಿಗೆ ಹೊತ್ತ. ಮೂರು ಪೆಟ್ಟಿಗೆಗೊಮ್ಮೆ ಟೆಂಪೋದ ಅಂಚಿಗೆ ಒರಗಿ ನಿಲ್ಲುತ್ತಿದ್ದುದು ನನ್ನ ಕ್ಯಾಬಿನ್ನಿನ ಗಾಜಿನಿಂದ ಕಾಣುತ್ತಿತ್ತು. ನಾನು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಹಾಕಿಸಿಕೊಂಡೆ. ಕಂಪ್ಯೂಟರಿನ ಮೇಲೆ ಬಿಸಿಲು ಬೀಳುತ್ತದೆ ಎಂದು ಎಲ್ಲರಿಗೂ ಹೇಳಿದೆ. ಗ್ರೇಡು ಬದಲಿಸಲು ಸಾಧ್ಯವೇ ಎಂದು ಎಚ್‌ಆರ್‌ನವರನ್ನು ಒಮ್ಮೆ ಕೇಳಿದ್ದೂ ಉಂಟು. ಕಾರಣ ಬರೆದು ಕೊಡಿ ಎಂದರು. ಕಾರಣ ಬರೆದರೆ ನನ್ನ ಅರ್ಧ ವಾಕ್ಯದ ಕಥೆ ಬರೆಯಬೇಕು. ನಾನು ಬರೆಯಲಿಲ್ಲ.

ಮಳೆಗಾಲದಲ್ಲಿ ಇನ್ನೊಂದಾಯಿತು. ತಣ್ಣಗಿಡಬೇಕಾದ ಇನ್ಸುಲಿನ್ ಪೆಟ್ಟಿಗೆಯೊಂದು ಐಸ್ ಪ್ಯಾಕ್ ಇಲ್ಲದೆ ಹೋಗಿ, ಅಂಗಡಿಯವರು ಕಿರುಚಾಡಿ ವಾಪಸು ಕಳಿಸಿದರು. ವಿಚಾರಿಸಿದರೆ, ಟೆಂಪೋ ಹೊರಟ ಹತ್ತು ನಿಮಿಷಕ್ಕೇ ನಾಲ್ಕು ಜನರಿಗೆ ಅದು ಗೊತ್ತಾಗಿತ್ತು. ಒಬ್ಬರೂ ನನಗೆ ಹೇಳಿರಲಿಲ್ಲ. ನಾನು ಎಲ್ಲರನ್ನೂ ನಿಲ್ಲಿಸಿ ಕೂಗಾಡಿದೆ. ಹೇಳಿದ್ದರೆ ಫೋನು ಮಾಡಿ ನಿಲ್ಲಿಸಬಹುದಿತ್ತಲ್ಲ, ನಾನೇನು ನಿಮ್ಮನ್ನು ತಿಂದುಬಿಡುತ್ತೇನಾ ಎಂದೆ. ಎಲ್ಲರೂ ನೆಲ ನೋಡಿದರು. ಕಲಬುರಗಿಯಾತನೂ ಅವರ ಜೊತೆ ನೆಲ ನೋಡುತ್ತ ನಿಂತಿದ್ದ.

ಅವರೆಲ್ಲ ಹೋದ ಮೇಲೆ, ಆ ವರ್ಷ ಕಸ ಗುಡಿಸಲು ಸೇರಿದ್ದ ವಿಜಯಪುರದ ಹೆಂಗಸು ಪೊರಕೆ ನಿಲ್ಲಿಸಿ, ಹೇಳಲೋ ಬೇಡವೋ ಎಂಬಂತೆ ಒಂದು ಮಾತು ಹೇಳಿದಳು. “ನಿಮ್ಮ ಮುಂದ ಹೇಳಿದ್ರ ಬರ್ಕೊಂತೀರಂತ್ರೀ ಬಾಯಾರ.” ಆಕೆ ಅದನ್ನು ದೂರಾಗಿ ಹೇಳಲಿಲ್ಲ, ಇದ್ದದ್ದನ್ನು ತಿಳಿಸಿದಳು ಅಷ್ಟೇ. ಆತ ಯಾರ ಮುಂದೆಯೂ ನನ್ನ ಬಗ್ಗೆ ಕೆಟ್ಟದಾಗಿ ಆಡಿದವನಲ್ಲ ಎಂದೂ ಸೇರಿಸಿದಳು. ಆತನ ಮಗಳು ಫಾರ್ಮು ಓದಿ ಹೇಳಿದ್ದನ್ನು ಚಾಳಿನಲ್ಲಿ ಹೆಂಡತಿ ಯಾರಿಗೋ ಹೇಳಿದ್ದಳು, ಅದು ಸುತ್ತಿ ಸುತ್ತಿ ಗೋದಾಮಿಗೆ ಬಂದಿತ್ತು. ನೆರೂಳಿನಲ್ಲಿ ಎರಡು ಗೆರೆ ಎಳೆದು ಬರೆದುಕೊಂಡ ಪಾಠಕ್ಕೆ ನನ್ನ ವಿಭಾಗ ಹೀಗೆ ಉತ್ತರ ಕೊಟ್ಟಿತು.

ಮುಂದಿನ ಮಾರ್ಚ್ ಬಂತು. ಆತ ಫಾರ್ಮು ತುಂಬಿಸಿಕೊಂಡೇ ಬಂದಿದ್ದ, ಮಗಳ ದುಂಡನೆಯ ಅಕ್ಷರ. ಸುಧಾರಿಸಿಕೊಳ್ಳಬೇಕಾದ ವಿಷಯದ ಮುಂದೆ ಒಂದು ಸಣ್ಣ ಅಡ್ಡಗೆರೆ ಎಳೆದಿದ್ದಳು. ಆತನ ಸಹಿ ಮಾತ್ರ ಬಾಕಿಯಿತ್ತು. ನಾನು ಆ ಸಲ ಆತನಿಗೆ ಎ ಎಂದು ಮೊದಲೇ ತೀರ್ಮಾನಿಸಿದ್ದೆ. ಯಾರು ಏನೆಂದರೂ ಸರಿ, ಡಿಗೆ ಆಧಾರವಾಗಿ ಸೋಮವಾರದವನ ಹಾಜರಿ ಪುಸ್ತಕವನ್ನೂ ತರಿಸಿಟ್ಟುಕೊಂಡಿದ್ದೆ. ಆತನ ಎದುರಿಗೇ ಎ ಎಂದು ಬರೆದು ಸಹಿ ಹಾಕಿದೆ. ಕೂತುಕೊಳ್ಳಿ ಎಂದೆ, ಆತ ಕೂರಲಿಲ್ಲ. ನಿಂತವನಿಗೇ ಹೇಳಿದೆ. ಹೋದ ವರ್ಷದ್ದು ಮೇಲಿನವರದ್ದಲ್ಲ, ನಾನೇ ಓದಿದ್ದು, ಅರ್ಧ ಓದಿದ್ದು, ನನ್ನನ್ನು ಪಕ್ಷಪಾತಿ ಅಂದಾರೆಂದು ಹೆದರಿ ನಿಮ್ಮನ್ನು ಬಲಿ ಕೊಟ್ಟೆ, ತಪ್ಪಾಯಿತು ಎಂದೆ. ಹೇಳಿ ಮುಗಿಸುವಾಗ ಬೆವರಿದ್ದೆ. ಇಷ್ಟು ಹೇಳಿದ್ದಕ್ಕೆ ಆತ ಸ್ವಲ್ಪ ಕರಗುತ್ತಾನೆ, ಬಿಡ್ರಿ ಅಕ್ಕಾರ ಅನ್ನುತ್ತಾನೆ ಎಂಬ ಆಸೆ ನನ್ನೊಳಗೆ ಕೂತಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಆತ ಕಿಟಕಿಯಾಚೆ ನೋಡಿದ. ಒಂದು ವರ್ಷದ ಮೇಲೆ ಮೊದಲ ಸಲ ನನ್ನೊಡನೆ ಕನ್ನಡದಲ್ಲಿ ಮಾತಾಡಿದ.

“ಗೊತ್ತದ್ರಿ. ಡಿ ಕೊಟ್ಟಿದ್ದಕ್ಕ ನನಗ ಸಿಟ್ಟಿಲ್ರಿ, ನಿಮಗೂ ನೌಕರಿ ಅದ, ಅಂಜಿಕಿ ಅದ. ಆದ್ರ ಅವತ್ತ ನಾ ನಿಮಗ ಸಮಾಧಾನ ಹೇಳಿದ್ನೆಲ್ರಿ. ನೀವು ಕುಂತು ಹೇಳಿಸ್ಕೊಂಡ್ರಿ. ಅದೊಂದು ಮನಸಿನ್ಯಾಗಿಂದ ಹೋಗವಲ್ದು ನೋಡ್ರಿ.”

ಆತ ಫಾರ್ಮನ್ನು ಎತ್ತಿಕೊಂಡ. ನೀವು ಬರೆದದ್ದನ್ನು ಮಗಳಿಗೆ ತೋರಿಸಿ, ನಾಳೆ ಸಹಿ ಮಾಡಿ ತರುತ್ತೇನೆ ಎಂದು ಹಿಂದಿಯಲ್ಲಿ ಹೇಳಿ ಹೋದ.